ಕೈಗೂಸಿನೊಂದಿಗೆ ಎರಡು ದಿನದ ಮೈಸೂರು ಪ್ರವಾಸ: ಆರು ಎಚ್ಚರಗಳು

ಹೆರಿಗೆಯಾಗಿ ಎರಡು ಮೂರು ತಿಂಗಳಾಗುವಷ್ಟರಲ್ಲಿ ಹಲವು ಮನೆಗಳಲ್ಲಿ ಪ್ರವಾಸದ ಮಾತು ಬರುತ್ತದೆ. ಗಲ್ಫ್‌ನಲ್ಲಿರುವ ತಂದೆಗೆ ಒಂದು ತಿಂಗಳ ರಜೆ ಸಿಕ್ಕಿರುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಸಂಬಂಧಿಕರು ಇನ್ನೂ ಮಗುವಿನ ಮುಖ ನೋಡಿರುವುದಿಲ್ಲ. ಬಾಣಂತಿ ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಕಳೆದು ಬೇಸತ್ತಿರುತ್ತಾಳೆ. ಶನಿವಾರ ಹೋಗಿ ಭಾನುವಾರ ಬಂದರಾಯಿತು ಎಂದು ಗಂಡ ಹೇಳುತ್ತಾನೆ. ಇಷ್ಟು ಚಿಕ್ಕ ಕೂಸನ್ನು ಹೊಸ್ತಿಲು ದಾಟಿಸಬೇಡಿ ಎಂದು ಅಜ್ಜಿ ಹೇಳುತ್ತಾರೆ. ಕೊನೆಗೆ ಪ್ರಶ್ನೆ ನಮ್ಮಂಥ ವೈದ್ಯರ ಮುಂದೆ ಬರುತ್ತದೆ: ಕರೆದುಕೊಂಡು ಹೋಗಬಹುದೇ?

ಆರೋಗ್ಯವಂತ ಮಗುವನ್ನು ಕರೆದುಕೊಂಡು ಹೋಗಬಹುದು. ಆದರೆ ದೊಡ್ಡವರ ಪ್ರವಾಸಕ್ಕೆ ಮಗುವನ್ನು ಹೊಂದಿಸಲು ಹೋದರೆ ತೊಂದರೆ ಖಂಡಿತ. ಮಗುವಿನ ದಿನಚರಿಗೆ ಪ್ರವಾಸವನ್ನು ಹೊಂದಿಸಬೇಕು.

ಮನುಷ್ಯನ ಆರೋಗ್ಯ ಆರು ಅನಿವಾರ್ಯ ಸಂಗತಿಗಳ ಮೇಲೆ ನಿಂತಿದೆ ಎಂದು ಯುನಾನಿ ವೈದ್ಯ ಪದ್ಧತಿ ಹೇಳುತ್ತದೆ. ಇವಕ್ಕೆ ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಹೆಸರು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ತಡೆ ಎಂಬವೇ ಆ ಆರು. ಮನೆಯಲ್ಲಿರುವಾಗ ಇವುಗಳಲ್ಲಿ ಒಂದೋ ಎರಡೋ ಏರುಪೇರಾಗುತ್ತವೆ. ಪ್ರಯಾಣದಲ್ಲಿ ಆರೂ ಒಂದೇ ದಿನ ಬದಲಾಗುತ್ತವೆ. ದೊಡ್ಡವರು ಅದನ್ನು ತಾಳಿಕೊಳ್ಳುತ್ತಾರೆ, ಕೈಗೂಸಿಗೆ ಅದು ಕಷ್ಟ. ಈ ಆರರಲ್ಲಿ ಎಷ್ಟನ್ನು ಮನೆಯಲ್ಲಿದ್ದ ಹಾಗೆಯೇ ಉಳಿಸಿಕೊಳ್ಳುತ್ತೀರೋ ಪ್ರವಾಸ ಅಷ್ಟು ಸುರಕ್ಷಿತ.

ಉದಾಹರಣೆಗೆ ಮಂಗಳೂರಿನಿಂದ ಮೈಸೂರಿಗೆ ಹೊರಡುವ ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಹುಣಸೂರು ದಾರಿಯಾಗಿ ಸುಮಾರು 250 ಕಿಲೋಮೀಟರ್. ಬೇರೆ ಊರಿಗೆ ಹೋಗುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಯಾವಾಗ ಹೊರಡಬಹುದು?

ಮೊದಲ ಆರು ವಾರ ಇಂಥ ಪ್ರವಾಸ ಬೇಡ. ನಲ್ವತ್ತು ದಿನ ಬಾಣಂತಿಗೆ ವಿಶ್ರಾಂತಿ ಬೇಕೆಂಬ ಹಿರಿಯರ ಮಾತಿಗೆ ವೈದ್ಯಕೀಯ ಆಧಾರವೂ ಇದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಹಿಡಿಯುತ್ತದೆ. ಮಗುವಿಗೆ ಪೆಂಟಾವೇಲೆಂಟ್, ಪೋಲಿಯೋ, ರೋಟಾವೈರಸ್, ನ್ಯುಮೋನಿಯಾ ಲಸಿಕೆಗಳ ಮೊದಲ ಸುತ್ತು ಸಿಗುವುದೂ ಆರನೇ ವಾರದಲ್ಲಿಯೇ. ನಂತರದವು ಹತ್ತು ಮತ್ತು ಹದಿನಾಲ್ಕನೇ ವಾರಗಳಲ್ಲಿ. ಚುಚ್ಚುಮದ್ದು ಹಾಕಿಸಿದ ಮರುದಿನವೇ ಹೊರಡಬೇಡಿ. ಒಂದೆರಡು ದಿನ ಜ್ವರ ಬರುವ ಸಾಧ್ಯತೆ ಇದ್ದು, ಅದು ಲಸಿಕೆಯ ಜ್ವರವೋ ಸೋಂಕಿನ ಜ್ವರವೋ ಎಂದು ದಾರಿಯಲ್ಲಿ ತಿಳಿಯುವುದಿಲ್ಲ.

ಸಾಧ್ಯವಿದ್ದರೆ ಮೂರು ತಿಂಗಳು ತುಂಬುವವರೆಗೆ ಕಾಯುವುದು ಇನ್ನೂ ಒಳ್ಳೆಯದು. ಅದಕ್ಕಿಂತ ಚಿಕ್ಕ ಮಗುವಿಗೆ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ, ತೂಕ ಸರಿಯಾಗಿ ಏರದ, ಶೀತ-ಕೆಮ್ಮು ಇರುವ, ಹೃದಯದ ಅಥವಾ ಉಸಿರಾಟದ ತೊಂದರೆ ಇರುವ ಮಗುವಾದರೆ ಮಕ್ಕಳ ತಜ್ಞರನ್ನು ಕೇಳದೆ ಹೊರಡಬಾರದು. ಸಿಸೇರಿಯನ್ ಆದ ತಾಯಿಯೂ ತನ್ನ ವೈದ್ಯೆಯ ಒಪ್ಪಿಗೆ ಪಡೆಯಲಿ.

1. ಗಾಳಿ

ಶೈಶವದ ಮಿಝಾಜ್ ಬಿಸಿ ಮತ್ತು ತೇವ ಎಂದು ಯುನಾನಿ ಹೇಳುತ್ತದೆ. ಹೊರಗಿನ ಬಿಸಿ, ತಂಪು ಎರಡೂ ಈ ವಯಸ್ಸಿಗೆ ಬೇಗ ತಟ್ಟುತ್ತವೆ. ಮಂಗಳೂರಿನ ಸೆಕೆಯಿಂದ ಹೊರಟವರು ಕೆಲವೇ ಗಂಟೆಗಳಲ್ಲಿ 1,100 ಮೀಟರಿಗೂ ಎತ್ತರದ ಮಡಿಕೇರಿಯ ತಂಪಿನಲ್ಲಿರುತ್ತಾರೆ. ಆದ್ದರಿಂದ ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ ಎರಡು ಮೂರು ಹತ್ತಿ ಬಟ್ಟೆಗಳಿರಲಿ, ಬೇಕಾದಂತೆ ಒಂದೊಂದಾಗಿ ಹಾಕಿ ತೆಗೆಯಬಹುದು. ನಿಮಗಿಂತ ಒಂದು ಪದರ ಹೆಚ್ಚು ಸಾಕು. ಮಗುವಿನ ಕೈಕಾಲು ತಣ್ಣಗಿರುವುದು ಸಹಜ. ಕುತ್ತಿಗೆಯ ಹಿಂಭಾಗ, ಎದೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದರ್ಥ.

ಧೂಳು, ಬಿಸಿಲು, ಕಣ್ಣುದೃಷ್ಟಿ ಎಂದು ಮಗುವಿನ ಮುಖಕ್ಕೆ ಬಟ್ಟೆ ಮುಚ್ಚಬೇಡಿ. ಎದೆಗೊರಗಿಸಿಕೊಂಡ ಮಗುವನ್ನು ಬುರ್ಖಾದ ಒಳಗೆ ಪೂರ್ತಿ ಮುಚ್ಚಿಕೊಳ್ಳುವುದೂ ಬೇಡ. ಮೂಗು, ಬಾಯಿ ತೆರೆದಿದ್ದು, ನೀವು ತಲೆ ಬಗ್ಗಿಸಿದರೆ ಮಗುವಿನ ಮುಖ ಕಾಣುವಂತಿರಬೇಕು. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಐದು ನಿಮಿಷವೂ ಒಂಟಿಯಾಗಿ ಬಿಡಬಾರದು. ಬಿಸಿಲಿನಲ್ಲಿ ಮುಚ್ಚಿದ ಕಾರು ಬಹಳ ಬೇಗ ಕಾಯುತ್ತದೆ.

ಗಾಳಿಯ ವಿಷಯದಲ್ಲಿ ದೊಡ್ಡ ಅಪಾಯ ಇರುವುದು ಜನರಿಂದ. ಸಂಬಂಧಿಕರ ಮನೆಗೆ ಕಾಲಿಟ್ಟ ಕೂಡಲೇ ಮಗು ಹತ್ತು ಕೈ ದಾಟುತ್ತದೆ, ಹತ್ತು ಮಂದಿ ಮುತ್ತಿಡುತ್ತಾರೆ. ದೊಡ್ಡವರ ಸಣ್ಣ ನೆಗಡಿ ಕೂಸಿನ ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸಬಹುದು. ತುಟಿಯಲ್ಲಿ ನೀರುಗುಳ್ಳೆ ಎದ್ದವರ ಮುತ್ತಿನಿಂದ ಹರ್ಪಿಸ್ ಸೋಂಕು ತಗಲಿದರೆ ಎಳೆಗೂಸಿಗೆ ಪ್ರಾಣಾಪಾಯವಿದೆ. ಸಲಾಂ ಹೇಳಿ ಕುಳಿತ ಮೇಲೆ, ಕೈ ತೊಳೆದು ಎತ್ತಿಕೊಳ್ಳಿ, ಮುಖಕ್ಕೆ ಮುತ್ತು ಬೇಡ ಎಂದು ಮಗುವಿನ ತಂದೆಯೇ ನಗುನಗುತ್ತಾ ಹೇಳಲಿ. ಈ ಮಾತನ್ನು ಸೊಸೆಯ ಬಾಯಿಂದ ಹೇಳಿಸಬೇಡಿ. ಸಿಗರೇಟು, ಊದುಬತ್ತಿ, ಬಖೂರ್, ಸೊಳ್ಳೆ ಕಾಯಿಲ್ ಯಾವುದರ ಹೊಗೆಯೂ ಮಗು ಮಲಗುವ ಕೋಣೆಯಲ್ಲಿ ಇರಬಾರದು. ಮಡಚುವ ಸೊಳ್ಳೆಪರದೆಯೊಂದನ್ನು ಮನೆಯಿಂದಲೇ ಒಯ್ಯಿರಿ.

2. ಅನ್ನಪಾನ

ಮಗುವಿಗೆ ತಾಯಿಯ ಹಾಲಿಗೆ ಸಮನಾದುದಿಲ್ಲ ಎಂದು ಇಬ್ನು ಸೀನಾ (980-1037) ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಹೇಳಿದ್ದಾರೆ. ಇಂದಿನ ವೈದ್ಯವಿಜ್ಞಾನವೂ ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತದೆ. ಪ್ರಯಾಣದಲ್ಲಂತೂ ಇದು ದೊಡ್ಡ ಅನುಗ್ರಹ. ಕುದಿಸಬೇಕಾಗಿಲ್ಲ, ತೊಳೆಯಬೇಕಾಗಿಲ್ಲ, ಕೆಡುವುದೂ ಇಲ್ಲ. ಸೆಕೆ ಎಂದು ನೀರು ಕುಡಿಸಬೇಡಿ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ದಾಹಕ್ಕೂ ಅದೇ ಮದ್ದು. ಬಿಸಿಲಿನ ದಿನ ಇನ್ನೂ ಒಂದೆರಡು ಸಲ ಹೆಚ್ಚಾಗಿ ಹಾಲೂಡಿಸಿ.

ಎಲ್ಲಿ ಕುಳಿತು ಹಾಲೂಡಿಸುವುದು ಎಂಬುದೇ ತಾಯಂದಿರ ದೊಡ್ಡ ಚಿಂತೆ. ಆ ಸಂಕೋಚದಲ್ಲಿ ಹಾಲೂಡಿಸುವುದನ್ನು ಮುಂದೂಡುತ್ತಾರೆ, ಮಗು ಅತ್ತು ಸೋಲುತ್ತದೆ, ತಾಯಿಯ ಎದೆ ಕಟ್ಟಿ ನೋಯುತ್ತದೆ. ಮುಂಭಾಗ ತೆರೆಯುವ ಬುರ್ಖಾ, ಒಳಗೆ ಗುಂಡಿಯಿರುವ ಸಡಿಲ ಕುರ್ತಾ, ಅಗಲವಾದ ತೆಳು ಹತ್ತಿ ಶಾಲು ಇಷ್ಟಿದ್ದರೆ ಎಲ್ಲಿಯೂ ಮರ್ಯಾದೆಯಿಂದ ಹಾಲೂಡಿಸಬಹುದು. ನಿಲ್ಲಿಸಿದ ಕಾರಿನ ಹಿಂದಿನ ಸೀಟು, ಹೋಟೆಲಿನ ಫ್ಯಾಮಿಲಿ ಕೋಣೆ, ಮಹಿಳೆಯರಿಗೆ ಸ್ಥಳವಿರುವ ಮಸೀದಿ, ಬಸ್ ನಿಲ್ದಾಣಗಳಲ್ಲಿರುವ ಹಾಲೂಡಿಸುವ ಕೊಠಡಿ ಇವನ್ನೆಲ್ಲ ಗಂಡ ಮೊದಲೇ ವಿಚಾರಿಸಿಟ್ಟುಕೊಳ್ಳಲಿ. ಓಡುವ ಕಾರಿನಲ್ಲಿ ಮಗುವನ್ನು ಸೀಟಿನಿಂದ ಎತ್ತಿ ಹಾಲೂಡಿಸಬೇಡಿ. ಕಾರು ನಿಲ್ಲಿಸಿಯೇ ಊಡಿಸಿ. ಬಳಿಕ ತೇಗು ಬರಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಹೊರಟರೆ ಘಾಟಿಯ ತಿರುವುಗಳಲ್ಲಿ ಹಾಲು ಕಕ್ಕುವುದು ಕಡಿಮೆ.

ಹಿಂಡಿ ತೆಗೆದಿಟ್ಟ ಎದೆಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ಕರಾವಳಿಯ ಸೆಕೆಯಲ್ಲಿ ಅಷ್ಟು ಹೊತ್ತು ನಂಬಬೇಡಿ. ಪುಡಿಹಾಲು ಅನಿವಾರ್ಯವಾದವರು ಹಾಲನ್ನು ಮನೆಯಲ್ಲೇ ಕಲಸಿ ಒಯ್ಯಬಾರದು. ಕುದಿಸಿದ ನೀರನ್ನು ಬಿಸಿ ಇರುವಾಗಲೇ ಶುದ್ಧ ಫ್ಲಾಸ್ಕಿಗೆ ತುಂಬಿ, ಅಳೆದ ಪುಡಿಯನ್ನು ಬೇರೆ ಡಬ್ಬಿಗಳಲ್ಲಿ ಇಟ್ಟುಕೊಳ್ಳಿ. ಬೇಕಾದಾಗ ಕಲಸಿ, ಆರಿಸಿ, ಕೂಡಲೇ ಕುಡಿಸಿ. ಮಗು ಬಿಟ್ಟ ಹಾಲನ್ನು ಚೆಲ್ಲಿಬಿಡಿ. ಎರಡು ದಿನಕ್ಕೆ ನಾಲ್ಕೈದು ಬಾಟಲಿಗಳಾದರೂ ಬೇಕು, ಇಲ್ಲವೇ ತೊಳೆದು ಕುದಿಸಲು ಅನುಕೂಲವಿರುವ ಮನೆಯಲ್ಲಿ ಉಳಿದುಕೊಳ್ಳಿ.

ಜೇನಿನ ಬಗ್ಗೆ ವಿಶೇಷ ಎಚ್ಚರ ಬೇಕು. ಮಗುವನ್ನು ಮೊದಲ ಬಾರಿ ನೋಡುವ ಹಿರಿಯರು ಪ್ರೀತಿಯಿಂದ ಬಾಯಿಗೆ ಜೇನು ಸವರಲು ಬರುತ್ತಾರೆ. ಜೇನಿನಲ್ಲಿ ಶಮನವಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಒಂದು ವರ್ಷದೊಳಗಿನ ಮಗುವಿನ ಕರುಳು ಅದಕ್ಕೆ ಇನ್ನೂ ಸಿದ್ಧವಾಗಿರುವುದಿಲ್ಲ. ಶುದ್ಧ ಜೇನಿನಲ್ಲೂ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ವಿಷಬಾಧೆ ಉಂಟುಮಾಡಬಹುದು. ಆಗ ಸ್ನಾಯುಗಳು ಬಲ ಕಳೆದುಕೊಂಡು ಉಸಿರಾಟವೇ ನಿಲ್ಲುವ ಅಪಾಯವಿದೆ. ಆದ್ದರಿಂದ ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ.

3. ದೇಹದ ಚಲನೆ ಮತ್ತು ವಿಶ್ರಾಂತಿ

ನಮ್ಮಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ರೂಢಿ. ಇದಕ್ಕಿಂತ ಅಪಾಯದ ಜಾಗ ಕಾರಿನಲ್ಲಿಲ್ಲ. ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ನಿಂತರೆ ಐದು ಕಿಲೋ ತೂಕದ ಮಗು ಅದರ ಹಲವು ಪಟ್ಟು ಬಲದಿಂದ ಕೈಯಿಂದ ಕಿತ್ತು ಹೋಗುತ್ತದೆ. ಎಷ್ಟೇ ಗಟ್ಟಿ ಕೈಯಾದರೂ ಹಿಡಿದು ನಿಲ್ಲಿಸಲಾಗದು. ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗಿರುವಂತೆ ಬಿಗಿದ ಶಿಶು ಆಸನವೇ ಸರಿಯಾದ ಜಾಗ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕೂಡ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯ ಮಾಡಿ, ತಪ್ಪಿದರೆ 1,000 ರೂಪಾಯಿ ದಂಡ ಇಟ್ಟಿದೆ. ಹೊಸತು ಕೊಳ್ಳಲಾಗದವರು ಅಪಘಾತಕ್ಕೆ ಸಿಲುಕದ, ಬೆಲ್ಟು ಸರಿಯಿರುವ ಆಸನವನ್ನು ಪರಿಚಿತರಿಂದ ಎರವಲು ಪಡೆಯಬಹುದು. ತಾಯಿಯ ಸೀಟ್ ಬೆಲ್ಟಿನ ಒಳಗೇ ಮಗುವನ್ನೂ ಸೇರಿಸಿ ಕಟ್ಟಬಾರದು, ಅಪಘಾತವಾದರೆ ತಾಯಿಯ ಭಾರವೇ ಮಗುವಿನ ಮೇಲೆ ಬೀಳುತ್ತದೆ.

ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ, ಮಗುವನ್ನು ಆಸನದಿಂದ ಎತ್ತಿ, ಕೈಕಾಲು ಆಡಿಸಲು ಬಿಡಿ. ಆಸನದಲ್ಲಿ ಕುಳಿತ ಮಗುವಿನ ತಲೆ ಮುಂದಕ್ಕೆ ಬಾಗಿ ಉಸಿರಿಗೆ ಅಡ್ಡಿಯಾಗದಂತೆ ಒಬ್ಬರು ಪಕ್ಕದಲ್ಲಿ ಕುಳಿತು ನೋಡುತ್ತಿರಬೇಕು. ದೊಡ್ಡವರಿಗೆ ಆರು ಗಂಟೆಯ ದಾರಿ ಮಗುವಿದ್ದಾಗ ಎಂಟು ಗಂಟೆಯಾಗುತ್ತದೆ ಎಂದೇ ಲೆಕ್ಕ ಹಾಕಿ.

4. ಮನಸ್ಸಿನ ಚಲನೆ ಮತ್ತು ವಿಶ್ರಾಂತಿ

ಮಗುವನ್ನು ಮೆಲ್ಲಗೆ ತೂಗುವುದು, ಜೋಗುಳ ಹಾಡುವುದು ಎರಡೂ ಬೇಕೆಂದು ಇಬ್ನು ಸೀನಾ ಬರೆದಿದ್ದಾರೆ. ಮೊದಲನೆಯದು ದೇಹಕ್ಕೆ, ಎರಡನೆಯದು ಮನಸ್ಸಿಗೆ. ಹೊಸ ಮುಖ, ಹಾರ್ನ್ ಸದ್ದು, ಬೆಳಕು, ವಾಸನೆ ಅತಿಯಾದಾಗ ಮಗು ಮುಖ ಆಚೆ ತಿರುಗಿಸುತ್ತದೆ, ಮುಷ್ಟಿ ಬಿಗಿಯುತ್ತದೆ, ಕಾರಣವಿಲ್ಲದೆ ಅಳುತ್ತದೆ. ಆಗ ಅದಕ್ಕೆ ಆಟಿಕೆ ಬೇಡ, ಮೌನವಾದ ಮಂದ ಬೆಳಕಿನ ಕೋಣೆ ಮತ್ತು ತಾಯಿಯ ಎದೆ ಸಾಕು. ಮನೆಯಲ್ಲಿ ಹೊದೆಸುವ ತೊಳೆಯದ ಹಳೆ ಬಟ್ಟೆಯೊಂದನ್ನು ಜೊತೆಗೆ ಒಯ್ಯಿರಿ, ಪರಿಚಿತ ವಾಸನೆ ಮಗುವನ್ನು ಸಮಾಧಾನಪಡಿಸುತ್ತದೆ.

ತಾಯಿಯ ಮನಸ್ಸಿನ ಕಡೆಗೂ ಗಮನ ಬೇಕು. ಹೆರಿಗೆಯ ನಂತರ ಕಾರಣವಿಲ್ಲದ ಅಳು, ನಿದ್ದೆಗೇಡು, ಬೇಸರ ಎರಡು ವಾರ ಮೀರಿ ಇದ್ದರೆ ಪ್ರವಾಸ ಅದಕ್ಕೆ ಮದ್ದಲ್ಲ, ವೈದ್ಯರನ್ನು ಕಾಣಬೇಕು. ಚೆನ್ನಾಗಿರುವ ತಾಯಿಗೆ ಪ್ರವಾಸ ನಿಜಕ್ಕೂ ಹಿತ ಕೊಡುತ್ತದೆ. ಆದರೆ ಚೀಲ ಕಟ್ಟುವುದು, ಬಟ್ಟೆ ಒಗೆಯುವುದು, ಹೋದ ಮನೆಯಲ್ಲಿ ಅಡುಗೆಗೆ ಕೈ ಜೋಡಿಸುವುದು ಎಲ್ಲ ಅವಳ ಪಾಲಿಗೇ ಬಂದರೆ ಅದನ್ನು ಪ್ರವಾಸ ಎನ್ನಲಾಗದು. ಹಾಲೂಡಿಸುವುದೊಂದು ಬಿಟ್ಟು ಉಳಿದುದನ್ನೆಲ್ಲ ತಂದೆ ಮಾಡಬಲ್ಲ.

5. ನಿದ್ದೆ ಮತ್ತು ಎಚ್ಚರ

ದಾರಿಯಲ್ಲಿ ಮಗು ಅಳದೆ ಮಲಗಲಿ ಎಂದು ಜಾಯಿಕಾಯಿ ತೇದು ನೆಕ್ಕಿಸುವುದು, ಗಸಗಸೆ ಹಾಲು ಕೊಡುವುದು, ಶೀತದ ಸಿರಪ್ ಕುಡಿಸುವುದು ಇಂದಿಗೂ ಇದೆ. ನಿದ್ದೆಗೆ ಗಸಗಸೆ ಬಳಸುವ ಉಲ್ಲೇಖ ನಮ್ಮ ಹಳೆಯ ಯುನಾನಿ ಗ್ರಂಥಗಳಲ್ಲೇ ಇದೆ. ಆದರೂ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಕೈಗೂಸಿಗೆ ನಿದ್ದೆ ಬರಿಸುವ ಯಾವ ಮದ್ದೂ ಬೇಡ. ಇವು ಉಸಿರಾಟವನ್ನು ಕುಗ್ಗಿಸಬಲ್ಲವು, ತೇದ ಮದ್ದಿನ ಪ್ರಮಾಣಕ್ಕೆ ಅಳತೆಯೇ ಇರುವುದಿಲ್ಲ. ಘುಟ್ಟಿ, ಗ್ರೈಪ್ ವಾಟರ್‌ಗಳೂ ಬೇಡ. ಅಳುವ ಮಗುವಿಗೆ ಹಾಲು, ಎತ್ತಿಕೊಳ್ಳುವುದು, ಒಣ ಬಟ್ಟೆ ಇಷ್ಟು ಸಾಕು.

ರಾತ್ರಿ ಹೋಟೆಲಿನಲ್ಲಾಗಲಿ, ಸಂಬಂಧಿಕರ ಮನೆಯಲ್ಲಾಗಲಿ ಮಗುವನ್ನು ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ದಿಂಬು, ದಪ್ಪ ರಜಾಯಿ ಹತ್ತಿರ ಬೇಡ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ದಣಿದ ಇಬ್ಬರ ನಡುವೆ ಮಲಗಿಸಿದರೆ ನಿದ್ದೆಯಲ್ಲಿ ಮೈಮೇಲೆ ಬೀಳುವ, ಉಸಿರುಗಟ್ಟುವ ಭಯವಿದೆ. ಅದೇ ಕೋಣೆಯಲ್ಲಿ ಪ್ರತ್ಯೇಕ ಹಾಸು ಹಾಕಿ. ಎಸಿ ಇದ್ದರೆ 25-26 ಡಿಗ್ರಿಗೆ ಇಟ್ಟು, ಗಾಳಿ ನೇರವಾಗಿ ಮಗುವಿನ ಮೇಲೆ ಬೀಸದಂತೆ ನೋಡಿಕೊಳ್ಳಿ. ಕಾರಿನ ಆಸನದಲ್ಲೇ ನಿದ್ದೆ ಹೋದ ಮಗುವನ್ನು ಊರು ತಲುಪಿದ ಮೇಲೆ ಎತ್ತಿ ಹಾಸಿಗೆಗೆ ಬದಲಿಸಬೇಕು.

6. ವಿಸರ್ಜನೆ ಮತ್ತು ಶುದ್ಧಿ

ಚೆನ್ನಾಗಿ ಹಾಲು ಸಿಗುವ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತದೆ. ಪ್ರಯಾಣದಲ್ಲಿ ಎಷ್ಟು ಬಟ್ಟೆ ಒದ್ದೆಯಾಯಿತು ಎಂದು ಎಣಿಸಿ. ಡೈಪರ್ ಹಾಕಿದರೆ ಎರಡು ಮೂರು ಗಂಟೆಗೊಮ್ಮೆ ನೋಡಿ, ಮಲವಾದರೆ ಕೂಡಲೇ ಬದಲಿಸಿ. ಸಾಧ್ಯವಾದಲ್ಲಿ ನೀರಿನಿಂದ ತೊಳೆದು, ಮೆತ್ತಗೆ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ತೆಂಗಿನೆಣ್ಣೆ ತೆಳುವಾಗಿ ಸವರಿದರೆ ಚರ್ಮ ಕೆಂಪಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಪೌಡರ್ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಬಳಸಿದ ಡೈಪರನ್ನು ಕಾಗದದಲ್ಲಿ ಸುತ್ತಿ ಕಸದ ತೊಟ್ಟಿಗೇ ಹಾಕಿ. ಘಾಟಿಯ ಬದಿಗೆ, ಹೊಳೆಗೆ ಎಸೆಯುವುದು ನಮಗೆ ಶೋಭಿಸುವುದಿಲ್ಲ. ಬದಲಿಸಿದ ನಂತರ ಸೋಪಿನಿಂದ ಕೈ ತೊಳೆಯಿರಿ.

ಬಟ್ಟೆಗೆ ಮಗುವಿನ ಮೂತ್ರ ತಾಗಿತೆಂದು ಹಲವು ತಾಯಂದಿರು ದಾರಿಯಲ್ಲಿ ನಮಾಝ್ ಬಿಡುತ್ತಾರೆ. ತೊಳೆದ ಒಂದು ಜೊತೆ ನಮಾಝಿನ ಬಟ್ಟೆಯನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿ ಇಟ್ಟುಕೊಂಡರೆ ಈ ಚಿಂತೆ ಇರುವುದಿಲ್ಲ. ಮಗುವಿನ ಒದ್ದೆ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಚೀಲ ಇರಲಿ.

ದೃಷ್ಟಿ ತಾಗದಿರಲೆಂದು ಹೊರಡುವಾಗ ಕಣ್ಣಿಗೆ ಸುರ್ಮಾ, ಕಾಡಿಗೆ ಹಚ್ಚಬೇಡಿ. ಹಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ. ಅದು ಮಗುವಿನ ಮೈಸೇರಿ ಮೆದುಳಿಗೆ ಹಾನಿ ಮಾಡುತ್ತದೆ.

ಎರಡು ದಿನದ ಕಾರ್ಯಕ್ರಮ

ಶನಿವಾರ ಫಜ್ರ್ ನಮಾಝಿನ ಬಳಿಕ ಹಾಲೂಡಿಸಿ ಹೊರಡಿ. ಸುಳ್ಯ, ಮಡಿಕೇರಿ, ಹುಣಸೂರುಗಳಲ್ಲಿ ನಿಂತು ಹೋದರೆ ಮಧ್ಯಾಹ್ನ ಎರಡರ ಸುಮಾರಿಗೆ ಮೈಸೂರು. ಅಸ್ರ್‌ವರೆಗೆ ತಾಯಿ-ಮಗು ಇಬ್ಬರೂ ಮಲಗಲಿ. ಸಂಜೆ ಕಾರಂಜಿ ಕೆರೆಯಂಥ ತೆರೆದ ಜಾಗದಲ್ಲಿ ಒಂದು ಗಂಟೆ ಕಳೆದು, ಸೊಳ್ಳೆ ಏಳುವ ಮೊದಲೇ ಕೋಣೆಗೆ ಮರಳಿ.

ಭಾನುವಾರ ಬೆಳಿಗ್ಗೆ ಒಂದೇ ಜಾಗ ಆರಿಸಿಕೊಳ್ಳಿ. 15 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣದಲ್ಲಿ ಹೈದರಲಿ, ಟಿಪ್ಪು ಸುಲ್ತಾನರು ವಿಶ್ರಮಿಸುತ್ತಿರುವ ಗುಂಬಝ್ ಇದೆ, 1784ರ ದರಿಯಾ ದೌಲತ್ ಅರಮನೆಯಿದೆ. ಎರಡಕ್ಕೂ ವಿಶಾಲವಾದ ತೋಟವಿರುವುದರಿಂದ ಬೆಳಗಿನ ಹೊತ್ತಿನಲ್ಲಿ ಕೂಸಿಗೆ ಹಿತ. ದೊಡ್ಡ ಮಕ್ಕಳು ಮೃಗಾಲಯ ನೋಡಬೇಕೆಂದರೆ ತಂದೆ ಅವರನ್ನು ಕರೆದೊಯ್ಯಲಿ, ತಾಯಿ ಕೂಸಿನೊಂದಿಗೆ ಕೋಣೆಯಲ್ಲಿರಲಿ. ಅಲ್ಲಿ ನಡಿಗೆ ಬಹಳ.

ಅರಮನೆಯ ದೀಪಾಲಂಕಾರ ಭಾನುವಾರ ಸಂಜೆ ಏಳರ ಸುಮಾರಿಗೆ. ಅದನ್ನು ನೋಡಿಯೇ ಹೊರಟರೆ ಸಂಪಾಜೆ ಘಾಟಿ ಇಳಿಯುವಾಗ ನಡುರಾತ್ರಿ ಸಮೀಪಿಸಿರುತ್ತದೆ, ಮಳೆಗಾಲವಾದರೆ ಮಂಜೂ ಇರುತ್ತದೆ. ಈ ಸಲ ಅದನ್ನು ಬಿಟ್ಟುಬಿಡಿ. ದೀಪಗಳು ಮುಂದಿನ ವರ್ಷವೂ ಉರಿಯುತ್ತವೆ, ಆಗ ಮಗು ಕೈಚಾಚಿ ನೋಡೀತು. ಹನ್ನೊಂದಕ್ಕೆ ಹೊರಟರೆ ಬೆಳಕಿರುವಾಗಲೇ ಘಾಟಿ ಇಳಿಯಬಹುದು.

ತಾಯಿಯ ದೇಹಕ್ಕೂ ಇದೇ ಲೆಕ್ಕ. ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ ನೀರು ಕುಡಿಯಲಿ. ಕಾರು ನಿಲ್ಲಿಸಿದಾಗಲೆಲ್ಲ ಐದು ನಿಮಿಷ ನಡೆಯಲಿ, ಹೆರಿಗೆಯ ನಂತರದ ವಾರಗಳಲ್ಲಿ ಬಹುಹೊತ್ತು ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಭಾರದ ಚೀಲ ಎತ್ತಬಾರದು.

ತಡಮಾಡಬಾರದ ಲಕ್ಷಣಗಳು

ಈ ಕೆಳಗಿನ ಯಾವುದೇ ಒಂದು ಕಂಡರೂ ಕಾರ್ಯಕ್ರಮ ಬಿಟ್ಟು ಹತ್ತಿರದ ಆಸ್ಪತ್ರೆಗೆ ಹೋಗಿ:

- ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚು ಜ್ವರ. ಔಷಧಿ ಕೊಟ್ಟು ಕಾಯಬೇಡಿ.
- ಒಂದರ ಮೇಲೊಂದು ಎರಡು ಮೂರು ಸಲ ಹಾಲು ನಿರಾಕರಿಸುವುದು, ಎಬ್ಬಿಸಿದರೂ ಏಳದ ಮಂಪರು.
- ಎಂಟು ಗಂಟೆ ಮೂತ್ರವಿಲ್ಲದಿರುವುದು, ನೆತ್ತಿಯ ಮೆದು ಭಾಗ ಒಳಗೆ ಕುಸಿಯುವುದು ಅಥವಾ ಉಬ್ಬುವುದು.
- ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಉಸಿರು ನಿಮಿಷಕ್ಕೆ 60 (ಎರಡು ತಿಂಗಳು ತುಂಬಿದ ಮಗುವಿಗೆ 50) ಅಥವಾ ಅದಕ್ಕಿಂತ ಹೆಚ್ಚಿರುವುದು.
- ಹಸಿರು ವಾಂತಿ, ಮಲದಲ್ಲಿ ರಕ್ತ, ಫಿಟ್ಸ್.
- ತಾಯಿಗೆ ಒಂದೇ ಗಂಟೆಯಲ್ಲಿ ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಒಂದು ಕಾಲಿನಲ್ಲಿ ಮಾತ್ರ ಬಾವು-ನೋವು, ಎದೆನೋವು ಅಥವಾ ಉಸಿರಾಟದ ಕಷ್ಟ, ಜ್ವರ, ತೀವ್ರ ತಲೆನೋವು.

ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ತಾಯಿ-ಮಕ್ಕಳ ಸರಕಾರಿ ಆಸ್ಪತ್ರೆ. ತುರ್ತು ಆಂಬುಲೆನ್ಸ್‌ಗೆ 108. ಬೇರೆ ಊರಿಗೆ ಹೋಗುವವರು ಉಳಿಯುವ ಮನೆಯ ಸಮೀಪದ ಮಕ್ಕಳ ಆಸ್ಪತ್ರೆಯ ವಿಳಾಸವನ್ನು ಹೊರಡುವ ಮೊದಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಮಗುವಿನ ಚೀಲದಲ್ಲಿ ಲಸಿಕೆ ಕಾರ್ಡ್ (ತಾಯಿ ಕಾರ್ಡ್), ಡಿಜಿಟಲ್ ಥರ್ಮಾಮೀಟರ್, ದಿನಕ್ಕೆ ಹತ್ತರಂತೆ ಡೈಪರ್ ಅಥವಾ ಲಂಗೋಟಿ, ಐದಾರು ಜೊತೆ ಬಟ್ಟೆ, ಹತ್ತಿ ಶಾಲು, ಸೊಳ್ಳೆಪರದೆ, ತೆಂಗಿನೆಣ್ಣೆ, ಸೋಪು, ಮೇಲೆ ಹೇಳಿದ ಎರಡು ಪ್ರತ್ಯೇಕ ಚೀಲ ಇರಲಿ. ಥರ್ಮಾಮೀಟರ್ ಮತ್ತು ಲಸಿಕೆ ಕಾರ್ಡ್ ಡಿಕ್ಕಿಯ ಸೂಟ್‌ಕೇಸಿನಲ್ಲಿ ಬೇಡ, ತಾಯಿಯ ಕೈಚೀಲದಲ್ಲೇ ಇರಲಿ.